ಪ್ರೆಸ್ ನಡೆದ ಹೆಜ್ಜೆಗಳು

ತಮ್ಮನಿಗೆ ಕಿಡ್ನಿ ಕೊಡಬೇಕಾದರೆ ಮೊದಲು ನಾನು ಹತ್ತು ಕೆಜಿ ಇಳಿಯಬೇಕಿತ್ತು. ಡಾಕ್ಟರಮ್ಮ ಅದನ್ನು ಹೇಳಿದ್ದು ಅಂಗಡಿಯವರು ಚಿಲ್ಲರೆ ಇಲ್ಲ ಎನ್ನುವಷ್ಟೇ ಸಲೀಸಾಗಿ. ಅಮ್ಮನಿಗೆ ಶುಗರ್ ಇತ್ತು, ಅವರು ಕೊಡುವ ಹಾಗಿರಲಿಲ್ಲ. ತಮ್ಮನ ಹೆಂಡತಿಯ ರಕ್ತದ ಗುಂಪು ಹೊಂದುತ್ತಿತ್ತು, ಆದರೆ ಅವಳ ಕಂಕುಳಲ್ಲಿ ಎರಡು ವರ್ಷದ ಮಗು. ಅವಳ ಮಾತೇ ಬೇಡ, ನಾನಿಲ್ಲವೇ ಎಂದು ಎಲ್ಲರೆದುರು ಎದೆ ತಟ್ಟಿಕೊಂಡವಳು ನಾನೇ. ನನ್ನ ಪರೀಕ್ಷೆಗಳೆಲ್ಲ ಸರಿಯಿದ್ದವು. ತೂಕ ಮಾತ್ರ ಎಂಬತ್ತನಾಲ್ಕು. ಎಪ್ಪತ್ತನಾಲ್ಕಕ್ಕೆ ಬನ್ನಿ, ಮೂರು ತಿಂಗಳು ಕಾಯೋಣ ಎಂದರು. ಅಲ್ಲಿಯವರೆಗೆ ತಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್.

ನಾನಾಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಗಾಡಿಗಳಿಗೆ ಬೇಕಾದ ಸಣ್ಣಪುಟ್ಟ ತಗಡಿನ ಭಾಗಗಳನ್ನು ಅಳೆದು ಪಾಸು ಮಾಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಡಬ್ಬಿಗೆ ಎಸೆಯುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು ‘ರಿಜೆಕ್ಟ್ ಮೇಡಂ’ ಅನ್ನುತ್ತಿದ್ದರೆಂದು ಗೊತ್ತು, ಒಳಗೊಳಗೇ ಅದು ಇಷ್ಟವೂ ಆಗಿತ್ತು. ಅಳೆಯುವ ಸಾಧನದ ಮೇಲಿನ ತಪಾಸಣೆಯ ಚೀಟಿ ಹಳೆಯದಾಗಿದ್ದರೆ ನಾನದನ್ನು ಮುಟ್ಟುತ್ತಿರಲಿಲ್ಲ. ಸುಳ್ಳು ಹೇಳುವ ಮನುಷ್ಯರನ್ನಾದರೂ ಸಹಿಸಬಹುದು, ಸುಳ್ಳು ಹೇಳುವ ಅಳತೆಯನ್ನು ಸಹಿಸಬಾರದು ಎಂದು ಹೊಸಬರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಆಫೀಸಿನ ಒಬ್ಬಳು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ತಿಂದದ್ದನ್ನೆಲ್ಲ ಅದರಲ್ಲಿ ಬರೆಯಬೇಕು. ದಿನಕ್ಕೆ ಸಾವಿರದ ನಾನೂರು ಕ್ಯಾಲರಿ ಮೀರಬಾರದು. ಆದರೆ ನಡೆದರೆ ಅದೇ ಹೆಜ್ಜೆ ಎಣಿಸಿ, ಕರಗಿದಷ್ಟನ್ನು ತಿನ್ನಲು ಮರಳಿ ಕೊಡುತ್ತಿತ್ತು. ಆಸ್ಪತ್ರೆಯ ಡಯೆಟಿಷಿಯನ್ ಇದಕ್ಕೆ ಒಪ್ಪಲಿಲ್ಲ. ನಡಿಗೆಯ ಲೆಕ್ಕ ಹಿಡಿದು ಊಟ ಹೆಚ್ಚಿಸಬೇಡಿ, ಆ ಎಣಿಕೆ ಯಾವತ್ತೂ ಜಾಸ್ತಿಯೇ ತೋರಿಸುತ್ತದೆ ಎಂದು ಎರಡು ಸಲ ಹೇಳಿದರು. ನಾನು ತಲೆಯಾಡಿಸಿ ಬಂದು, ಮನಸ್ಸಿನಲ್ಲೇ ವಾದ ಹೂಡಿದೆ. ದುಡಿದ ದೇಹಕ್ಕೆ ಹಾಕದಿದ್ದರೆ ನಿತ್ರಾಣವಾಗುವುದಿಲ್ಲವೇ? ನಿತ್ರಾಣವಾದವಳ ಕಿಡ್ನಿ ಯಾರಿಗೆ ಬೇಕು? ರೋಗಿ ಬಯಸಿದ್ದೂ ಹಾಲು ಅನ್ನ, ಫೋನು ಹೇಳಿದ್ದೂ ಹಾಲು ಅನ್ನ.

ಆದರೂ ಮೊದಲ ತಿಂಗಳು ನಾನು ನೆಟ್ಟಗಿದ್ದೆ. ಶಿಫ್ಟ್ ಮುಗಿದ ಮೇಲೆ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ಒಂದು ಗಂಟೆ ನಡೆಯುತ್ತಿದ್ದೆ. ಫೋನು ಇನ್ನೂರು ಕೊಟ್ಟರೆ ನೂರು ತಿಂದು ಸುಮ್ಮನಾಗುತ್ತಿದ್ದೆ. ಡಯಾಲಿಸಿಸ್ ಇಲ್ಲದ ದಿನ ತಮ್ಮನೂ ಜೊತೆಗೆ ಬರುತ್ತಿದ್ದ, ನಾಲ್ಕು ಹೆಜ್ಜೆಗೊಮ್ಮೆ ನಿಂತು. ಅವನಿಗೆ ದಿನಕ್ಕೆ ಒಂದೇ ಲೀಟರ್ ನೀರು, ಅದರಲ್ಲೇ ಕಾಫಿ ಸಾರು ಎಲ್ಲ ಸೇರಿ. ಬೇಕರಿ ಮುಂದೆ ನಾನು ಖಾರಾ ಬನ್ ಮುರಿಯುವಾಗ ಅವನು ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿ ನಾಲಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ನಾನು ಅರ್ಧ ಬನ್ ಕಾಗದಕ್ಕೆ ಸುತ್ತಿದರೆ, “ಪೂರ್ತಿ ತಿನ್ನಕ್ಕ, ಅಷ್ಟು ದೂರ ನಡ್ದಿದೀಯ” ಅನ್ನುತ್ತಿದ್ದ. ಆ ತಿಂಗಳು ಮೂರು ಕೆಜಿ ಇಳಿದೆ.

ಇಳಿದದ್ದೇ ಎಡವಟ್ಟಾಯಿತು. ಡಾಕ್ಟರಮ್ಮ ಖುಷಿಯಾಗಿ, ಇನ್ನು ಆಪರೇಷನ್ ವಿಷಯ ಮಾತಾಡಬಹುದು ಎಂದು ನನ್ನ ಪಕ್ಕೆಯ ಮೇಲೆ ಬೆರಳಿಟ್ಟು ಎಲ್ಲಿ ಕೊಯ್ಯುತ್ತಾರೆಂದು ತೋರಿಸಿದರು. ಅಲ್ಲಿಯವರೆಗೆ ನನಗೆ ಅದು ತಮ್ಮನ ಕಾಯಿಲೆಯಾಗಿತ್ತು. ಆ ಬೆರಳು ತಾಗಿದ ಮೇಲೆ ಭಯ ಹೊಕ್ಕಿತು. ಸ್ನಾನ ಮಾಡುವಾಗ ಆ ಜಾಗಕ್ಕೆ ಸೋಪು ಹಚ್ಚಲೂ ಕೈ ಹಿಂಜರಿಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಎದೆ ತಟ್ಟಿಕೊಂಡವಳು ಯಾವ ಬಾಯಲ್ಲಿ ಹೇಳಲಿ?

ಅದೇ ವಾರ ನಮ್ಮ ತಪಾಸಣೆಯ ಟೇಬಲ್ಲನ್ನು ಪವರ್ ಪ್ರೆಸ್ ಪಕ್ಕಕ್ಕೆ ಸರಿಸಿದರು. ತಗಡನ್ನು ಗುದ್ದಿ ಕತ್ತರಿಸುವ ದೊಡ್ಡ ಯಂತ್ರ ಅದು. ಮೊದಲ ದಿನ ಮಧ್ಯಾಹ್ನ ಟೇಬಲ್ ಮೇಲಿದ್ದ ಫೋನು ನೋಡಿದರೆ ಒಂಬತ್ತು ಸಾವಿರ ಹೆಜ್ಜೆ. ನಾನು ಬೆಳಗಿನಿಂದ ಸ್ಟೂಲು ಬಿಟ್ಟು ಎದ್ದಿರಲಿಲ್ಲ. ಪ್ರೆಸ್ ಗುದ್ದಿದಾಗಲೆಲ್ಲ ಟೇಬಲ್ ಅದುರುತ್ತಿತ್ತು, ಫೋನು ಅದನ್ನು ಹೆಜ್ಜೆ ಎಂದುಕೊಂಡಿತ್ತು. ಫೋನನ್ನು ಕೈಚೀಲಕ್ಕೆ ಹಾಕಿ ಹೆಗಲಿಗೆ ತೂಗುಹಾಕಿಕೊಂಡೆ, ಎಣಿಕೆ ನಿಂತಿತು. ಮತ್ತೆ ಟೇಬಲ್ ಮೇಲಿಟ್ಟೆ, ಓಡತೊಡಗಿತು. ಬೇರೆ ಯಾವ ಸಾಧನ ಹೀಗೆ ಮಾಡಿದ್ದರೂ ಆ ಕ್ಷಣವೇ ಬಳಸಬಾರದೆಂದು ಕೆಂಪು ಚೀಟಿ ಕಟ್ಟುತ್ತಿದ್ದೆ. ಫೋನನ್ನು ಟೇಬಲ್ ಮೇಲೆಯೇ ಬಿಟ್ಟು ಊಟಕ್ಕೆ ಹೋದೆ.

ಸಂಜೆಗೆ ಆರುನೂರಕ್ಕಿಂತ ಹೆಚ್ಚು ಕ್ಯಾಲರಿ ಮರಳಿ ಬಂದಿತ್ತು. ಬೇಕರಿಗೆ ಹೋಗಿ ಆಲೂ ಬನ್ ತಿಂದೆ, ಮೇಲೊಂದು ತುಂಡು ದಿಲ್‌ಪಸಂದ್. ಮಾರನೆಯ ದಿನವೂ ತಿಂದೆ. ಕಾಲು ಊದತೊಡಗಿ ತಮ್ಮ ಜೊತೆಗೆ ಬರುವುದು ನಿಂತಿತ್ತು, ಸಂಜೆಯ ನಡಿಗೆಯನ್ನು ನಾನೂ ಬಿಟ್ಟೆ. ಹೀಗೆ ಐದಾರು ವಾರ ಪ್ರೆಸ್ ನಡೆಯಿತು, ನಾನು ತಿಂದೆ. ಊಟದ ಲೆಕ್ಕದಲ್ಲಿ ಮಾತ್ರ ಒಂದು ಕಡಲೆಬೀಜವನ್ನೂ ಬಚ್ಚಿಡದೆ ಬರೆದೆ. ಕೇಳಿದವರಿಗೆಲ್ಲ ಫೋನು ತೋರಿಸುತ್ತಿದ್ದೆ. ಪಾಪ, ಎಷ್ಟು ನಡೆಯುತ್ತಾಳೆ ಎಂದು ನನ್ನ ಗಂಡ ಅಕ್ಕಪಕ್ಕದವರಿಗೆ ಹೇಳಿಕೊಂಡು ಬಂದರು. ಬುದ್ಧಿಗೆ ಮಂಕು ಕವಿದಿತ್ತು ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಮಂಕೂ ಇಲ್ಲ, ಮಣ್ಣೂ ಇಲ್ಲ. ಕೊಡುವುದಿಲ್ಲ ಎಂದು ನನ್ನ ಬಾಯಿ ಹೇಳಲಾರದು, ಅದನ್ನು ತೂಕದ ಯಂತ್ರ ಹೇಳಲಿ ಎಂದು ಕಾಯುತ್ತಿದ್ದೆ.

ಮೂರನೆಯ ತಿಂಗಳು ಅದು ಹೇಳಿತು. ಎಂಬತ್ತನಾಲ್ಕೂವರೆ. ಡಾಕ್ಟರಮ್ಮ ನನ್ನ ಫೋನನ್ನು ಮೇಲೆ ಕೆಳಗೆ ಸರಿಸಿ ನೋಡಿ, ಇಷ್ಟು ನಡೆದೂ ಹೀಗಾದರೆ ಥೈರಾಯ್ಡ್ ಇರಬಹುದು, ರಕ್ತ ಕೊಡಿ ಎಂದರು. ಎಲ್ಲ ಗೊತ್ತಿದ್ದೂ ತೋಳು ಚಾಚಿ ರಕ್ತ ಕೊಟ್ಟೆ. ತಮ್ಮ ಕುರ್ಚಿಯಲ್ಲಿ ಒರಗಿ ಕೂತಿದ್ದ, ಕಾಲು ಊದಿಕೊಂಡಿತ್ತು. “ಅವ್ಳನ್ನ ಏನೂ ಅನ್ಬೇಡಿ ಡಾಕ್ಟ್ರೇ. ನಂಗೋಸ್ಕರ ದಿನಾ ಸಾಯೋ ಹಾಗೆ ನಡೀತಾಳೆ” ಅಂದ. ಅವನ ಹೆಂಡತಿ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಡಾಕ್ಟರ ಮುಂದಿನ ಕುರ್ಚಿಗೆ ಹೋಗಿ ಕೂತು, ತನ್ನ ಪರೀಕ್ಷೆ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದಳು. ಅವಳ ತೂಕ ಐವತ್ತನ್ನೂ ದಾಟಿರಲಿಲ್ಲ.

ಎರಡು ತಿಂಗಳಲ್ಲಿ ಆಪರೇಷನ್ ಆಯಿತು. ದೇವರ ದಯೆ, ಇಬ್ಬರೂ ಚೇತರಿಸಿಕೊಂಡರು. ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ಮಗು ನನ್ನ ಹತ್ತಿರವಿತ್ತು. ಅಮ್ಮ ಎಲ್ಲಿ ಎಂದು ಅದು ಕೇಳಿದಾಗ ಎತ್ತಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ಆಮೇಲೂ ಊಟ ಸೇರಲಿಲ್ಲ. ಆ್ಯಪ್ ತೆಗೆದುಹಾಕಿದ್ದೆ, ನಡಿಗೆ ಬಿಟ್ಟಿದ್ದೆ, ಆದರೂ ಸೀರೆಯ ನೆರಿಗೆ ಹೆಚ್ಚುತ್ತಾ ಹೋಯಿತು. ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ತಮ್ಮನ ತಪಾಸಣೆಗೆಂದು ಜೊತೆಗೆ ಹೋದಾಗ, ಯಾರೂ ಇಲ್ಲದ ಹೊತ್ತು ನೋಡಿ ಆ ತೂಕದ ಯಂತ್ರ ಹತ್ತಿದೆ. ಎಪ್ಪತ್ತಮೂರೂವರೆ ತೋರಿಸಿತು. ಯಾರಿಗೂ ಬೇಡವಾದ ಮೇಲೆ ಇಳಿದಿದ್ದೆ.

ಮಗುವಿನ ಹುಟ್ಟುಹಬ್ಬಕ್ಕೆ ಅವರ ಮನೆಯಲ್ಲಿ ಊಟ. ತಮ್ಮ ಚೊಂಬು ಎತ್ತಿ ಗಟಗಟ ನೀರು ಕುಡಿಯುತ್ತಿದ್ದ, ಅದನ್ನೇ ನೋಡುತ್ತಾ ಕೂತಿದ್ದೆ. ಅವನ ಹೆಂಡತಿ ಹೋಳಿಗೆ ಬಡಿಸಲು ಬಂದಳು. ಬಾಗುವಾಗ ಇನ್ನೂ ನೋಯುತ್ತಿತ್ತೋ ಏನೋ, ಒಂದು ಕೈಯಲ್ಲಿ ಪಕ್ಕೆ ಒತ್ತಿ ಹಿಡಿದುಕೊಂಡಿದ್ದಳು.

“ಎಷ್ಟು ಸಣ್ಣಗಾಗ್ಬಿಟ್ರಿ ಅಕ್ಕ. ನಮಗೋಸ್ಕರ ಹೊಟ್ಟೆ ಕಟ್ಕೊಂಡು ನಡೆದ್ರಿ, ಇನ್ನಾದ್ರೂ ನೆಮ್ಮದಿಯಾಗಿ ತಿನ್ನಿ” ಅಂದಳು.

ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಹೋಳಿಗೆ ಸಾಲದೆಂದು ಕೇಳುತ್ತಿದ್ದೇನೆ ಎಂದುಕೊಂಡು ಅವಳು ಮತ್ತೆ ಬಾಗಿ ಇನ್ನೊಂದು ಹಾಕಿದಳು. ಎರಡನ್ನೂ ತಿಂದೆ.