ಅತ್ತೆಯವರ ದನಿಯಿದ್ದ ಫೈಲು

ಕಟ್ ಎಂದು ಬಟನ್ ಒತ್ತಿದ ಸದ್ದು. ಆಮೇಲೆ ಟೇಪು ಸುರ್ರೆಂದು ಸುತ್ತುವುದು. ಎಲ್ಲೋ ದೂರದಲ್ಲಿ ಪಾತ್ರೆ ಎಳೆದ ಸಪ್ಪಳ, ಒಂದು ಸಣ್ಣ ಕೆಮ್ಮು, ಕೆಮ್ಮಿನ ಬೆನ್ನಿಗೇ ನಮ್ಮ ಅತ್ತೆಯವರ ಹಾಡು. ಹಾಡಿಗಿಂತ ಆ ಕೆಮ್ಮೇ ನನಗೆ ಹೆಚ್ಚು ನೆನಪಿದೆ. ಈಗ ಅದು ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದಕ್ಕೆ ಕಾರಣ ನಾನೇ.

ಹಾನಗಲ್ಲಿನ ನಮ್ಮ ಮನೆಯಲ್ಲಿ ಸಂಗೀತದ ಮಟ್ಟಿಗೆ ಎರಡು ಒಲೆ. ನಮ್ಮವರದು ಹಿಂದೂಸ್ತಾನಿ, ದಾಸರ ಪದ, ಬೆಳಗಿನ ರಾಗವನ್ನು ಸಂಜೆ ಕೇಳಬಾರದೆಂಬ ಹಟ. ನನ್ನದು ಹುಬ್ಬಳ್ಳಿಯ ಕಾನ್ವೆಂಟಿನ ಕ್ವಾಯರ್, ಪಿಯಾನೊ, ಹಳೆಯ ಇಂಗ್ಲಿಷ್ ಹಾಡು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ಮೇಲೆ ನನಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಮನೆಗೆ ವೈಫೈ ಬಂದದ್ದೇ ರೌಟರಿಗೆ ಒಂದು ಹಾರ್ಡ್ ಡಿಸ್ಕ್ ಸಿಕ್ಕಿಸಿ, ಇಬ್ಬರ ಸಂಗೀತವನ್ನೂ ಒಂದೇ ಶೇರ್ಡ್ ಫೋಲ್ಡರಿಗೆ ಹಾಕಲು ಹೊರಟೆ. ಅವರು ಪಡಸಾಲೆಯಲ್ಲಿ ಫೋನಿನಿಂದ ಕೇಳಲಿ, ನಾನು ಅಡಿಗೆಮನೆಯಲ್ಲಿ ಟ್ಯಾಬ್ಲೆಟ್ಟಿನಿಂದ. ಮದುವೆಗಿಂತ ಹೋಮ್ ನೆಟ್‌ವರ್ಕ್ ಸುಲಭ ಅಂದುಕೊಂಡಿದ್ದೆ.

ಅತ್ತೆಯವರು ಹೊರಗಿನವರೆದುರು ಹಾಡಿದವರಲ್ಲ. ಮಗನ ಒತ್ತಾಯಕ್ಕೆ ಒಮ್ಮೆ ಮಾತ್ರ ಟೇಪ್ ರೆಕಾರ್ಡರಿನ ಮುಂದೆ ಕೂತಿದ್ದರು. ಕ್ಯಾಸೆಟ್ಟಿನ ಮೇಲೆ ತಮ್ಮ ಹೆಸರು ಬರೆಯಕೂಡದು, ಅದು ಯಾರ ಕೈಗೆ ಹೋಗುತ್ತದೋ ಎಂಬುದು ಅವರ ಷರತ್ತು. ಹಾಗಾಗಿ ಅದರ ಮೇಲೆ ‘ಸೈಡ್ ಎ’ ಎಂದಷ್ಟೇ ಇತ್ತು. ಅವರು ಹೋದ ಎಷ್ಟೋ ವರ್ಷದ ಮೇಲೆ ಸವಣೂರಿನ ಒಬ್ಬ ಅಂಗಡಿಯವರು ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಬೂಸ್ಟು ಹಿಡಿದ ಟೇಪು ಒಂದೇ ಸಲ ಓಡಿ ಹರಿದುಹೋಯಿತು. ಫೈಲಿಗೂ ಅದೇ ಹೆಸರು ಬಂತು. ನನ್ನ ಕ್ವಾಯರ್ ಕ್ಯಾಸೆಟ್ಟಿನಿಂದ ಇಳಿಸಿದ ಫೈಲಿಗೂ ಅದೇ ಹೆಸರು.

ಎರಡನ್ನೂ ಒಂದೇ ಫೋಲ್ಡರಿಗೆ ತಂದಾಗ ಕಂಪ್ಯೂಟರ್ ಕೇಳಿತು, ಈ ಹೆಸರಿನ ಫೈಲು ಆಗಲೇ ಇದೆ, ರಿಪ್ಲೇಸ್ ಮಾಡಲೇ ಎಂದು. ನಮ್ಮವರು ಒಂದೊಂದನ್ನೂ ಎರಡೆರಡು ಸಲ ಹಾಕಿಟ್ಟಿದ್ದಾರೆ ಅಂದುಕೊಂಡು ಎಲ್ಲಕ್ಕೂ ಯೆಸ್ ಒತ್ತಿದೆ. ಪೆನ್‌ಡ್ರೈವನ್ನು ಮೊದಲೇ ಖಾಲಿ ಮಾಡಿದ್ದೆ. ಒಂದೇ ವಸ್ತು ಎರಡು ಕಡೆ ಇರುವುದು ಅಶಿಸ್ತು ಎಂದು ಕಾನ್ವೆಂಟಿನಲ್ಲಿ ಕಲಿತವಳು ನಾನು.

ಶಿಗ್ಗಾಂವಿಯಿಂದ ನಮ್ಮವರ ಅಕ್ಕ ಫೋನ್ ಮಾಡದಿದ್ದರೆ ಇದು ಇನ್ನೂ ಎಷ್ಟು ದಿನ ಗೊತ್ತಾಗುತ್ತಿರಲಿಲ್ಲವೋ. ಅವರ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯೂ ಬಹಳ ದಿನ ಉಳಿಯದು ಎಂದು ಡಾಕ್ಟರು ಹೇಳಿದ್ದರಂತೆ. ಕಿವಿ ಕೇಳುತ್ತಿರುವಾಗಲೇ ಅವ್ವನ ಹಾಡು ಒಮ್ಮೆ ಕೇಳಬೇಕು, ಗುರುವಾರ ಬರುತ್ತೇನೆ ಎಂದರು. ಅವತ್ತು ಸೋಮವಾರ. ಒಮ್ಮೆ ಹಾಕಿ ನೋಡೋಣವೆಂದು ಅಡಿಗೆಮನೆಯಲ್ಲಿ ಫೈಲು ತೆರೆದೆ. ಮೂವತ್ತು ಹುಡುಗಿಯರು ಇಂಗ್ಲಿಷಿನಲ್ಲಿ ದೇವರನ್ನು ಕರೆಯತೊಡಗಿದರು. ಅತ್ತೆಯವರ ಹಾಡಿನ ಜಾಗದಲ್ಲಿ ನನ್ನ ಕ್ವಾಯರ್ ಕೂತಿತ್ತು.

ನಮ್ಮವರಿಗೆ ಹೇಳಲಿಲ್ಲ. ಮಂಗಳವಾರ, ಬಂಕಾಪುರದ ಗೆಳತಿಯನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ, ಬಂಕಾಪುರದಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆ. ಅಂಗಡಿಯವರ ಬಳಿ ಒಂದು ಕಾಪಿ ಉಳಿದಿದ್ದರೆ ಸಾಕಿತ್ತು. ದಾರಿಯುದ್ದಕ್ಕೂ ಪ್ರೇಯರ್, ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಅಂಗಡಿಯ ವಯಸ್ಸಾದ ಸಾಹೇಬರು ಗುರುತು ಹಿಡಿದು ಕುರ್ಚಿ ಹಾಕಿದರು, ಚಹಾ ತರಿಸಿದರು. ನಾನು ವಿಷಯ ಹೇಳಿದ ಮೇಲೆ ಬಹಳ ಹೊತ್ತು ಕನ್ನಡಕ ಒರೆಸಿದರು.

“ಮಂದಿ ಮನಿ ಹೆಣ್ಮಕ್ಕಳ ದನಿ ನಾ ಇಟ್ಕೊಳ್ಳಂಗಿಲ್ರಿ ಬಾಯಾರ,” ಎಂದರು. “ಕೊಟ್ಟ ದಿನಾನ ಅಳಸ್ತೇನಿ. ನಮ್ಮಪ್ಪನ ಕಾಲದಿಂದ ಹಂಗ ಐತಿ.”

ಆದರೂ ನನ್ನ ಸಮಾಧಾನಕ್ಕೆ ಕಂಪ್ಯೂಟರಿನಲ್ಲಿ ಹುಡುಕಿದರು. ಇರಲಿಲ್ಲ. ಅತ್ತೆಯವರಿದ್ದಿದ್ದರೆ ಆ ಸಾಹೇಬರನ್ನು ಮೆಚ್ಚುತ್ತಿದ್ದರು.

ಬುಧವಾರ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ನಮ್ಮವರು ಅಕ್ಕನಿಗೆ ಯಾವ ಸ್ಪೀಕರ್ ಹತ್ತಿರವಾದೀತು, ಕುರ್ಚಿ ಎಲ್ಲಿಡಬೇಕು ಎಂದು ಖುಷಿಯಿಂದ ಓಡಾಡುತ್ತಿದ್ದರು.

ಗುರುವಾರ ಊಟ ಮುಗಿದದ್ದೇ ಅಕ್ಕ ಬಲಗಿವಿಯನ್ನು ಸ್ಪೀಕರಿಗೆ ಕೊಟ್ಟು ಕೂತರು. ಈಗ ಹೇಳಬೇಕು, ಈಗ ಹೇಳಬೇಕು ಎನ್ನುವಷ್ಟರಲ್ಲಿ ನಮ್ಮವರು ಫೋನ್ ಒತ್ತಿದರು. ಕ್ವಾಯರ್ ಶುರುವಾಯಿತು. ನಮ್ಮವರು ನನ್ನ ಕಡೆ ತಿರುಗಿದರು. ಅಕ್ಕ ಮಾತ್ರ ಕಣ್ಣು ಮುಚ್ಚಿ, ಕೈ ಜೋಡಿಸಿ ಹಾಗೇ ಕೂತಿದ್ದರು. ಅವರಿಗೆ ಗೊತ್ತಾಗುತ್ತಿಲ್ಲ, ಇದನ್ನೇ ಅವ್ವನ ಹಾಡೆಂದು ನಂಬಿ ಹೋಗಿಬಿಡುತ್ತಾರೆ ಎಂಬ ಯೋಚನೆ ಬಂತು. ಸುಮ್ಮನಿದ್ದರೆ ಸಾಕು ಅನ್ನಿಸಿತು. ಐ ಆಮ್ ನಾಟ್ ಪ್ರೌಡ್ ಆಫ್ ಇಟ್. ಒಂದು ಚರಣ ಪೂರ್ತಿ ಮುಗಿಯುವವರೆಗೆ ಸುಮ್ಮನೇ ಇದ್ದೆ. ಆಮೇಲೆ ಎದ್ದು ನಿಲ್ಲಿಸಿ, ಅವರ ಕಿವಿಯ ಹತ್ತಿರ ಬಾಗಿದೆ.

“ಅಕ್ಕಾ, ಇದು ಅವ್ವ ಅಲ್ರಿ. ಅವ್ವನ ಹಾಡು ನನ್ನ ಕೈಯಿಂದ ಅಳಿಸಿಹೋತು.”

ಅವರು ಕಣ್ಣು ತೆರೆದರು. “ಅಷ್ಟು ಮಂದಿನ್ನ ಕಟ್ಕೊಂಡು ಅವ್ವ ಯಾವಾಗ ಹಾಡಿದ್ಲು? ಕಿವಿ ಹೋಗ್ಯದ, ಬುದ್ಧಿ ಹೋಗಿಲ್ಲ. ನೀ ಹೇಳ್ತೀಯೋ ಇಲ್ಲೋ ಅಂತ ನೋಡ್ಲಿಕ್ಕತ್ತಿದ್ದೆ.”

ನಮ್ಮವರು ಫೋನನ್ನು ಟೀಪಾಯಿಯ ಮೇಲೆ ಬೋರಲಾಗಿಟ್ಟು ಹಿತ್ತಿಲಿಗೆ ಹೋದರು. ಅವತ್ತು ಸಂಜೆ ನಮ್ಮ ನೆಟ್‌ವರ್ಕಿನಲ್ಲಿ ಯಾವ ರಾಗವೂ ಹರಿಯಲಿಲ್ಲ. ಅಕ್ಕನಿಗೆ ಹಾಸಿಗೆ ಹಾಸಿದೆ, ಹಾಲು ಕೊಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಾನೊಬ್ಬಳೇ ಕರೆದುಕೊಂಡು ಹೋದೆ. ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು ಕೆಳಗಿಳಿದು ನಿಂತೆ. ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಬಸ್ಸಿನ ಮಂದಿಯೆಲ್ಲ ತಿರುಗಿ ನೋಡುವಂತೆ ಅವರು ಕೇಳಿದರು, “ನಿನ್ನ ಹಾಡು ಉಳದದಲ್ಲ?”

ಹೌದೆಂದು ತಲೆಯಾಡಿಸಿದೆ. ಬೇರೇನು ಮಾಡಲಿ?

ಮಳೆಗಾಲಕ್ಕೆ ಮುಂಚೆಯೇ ಅವರು ತೀರಿಕೊಂಡರು. ನಾನು ಜ್ವರದಲ್ಲಿ ಮಲಗಿದ್ದರಿಂದ ನಮ್ಮವರೊಬ್ಬರೇ ಹೋಗಿಬಂದರು. ನಾನು ಅವರನ್ನು ಕಡೆಯ ಸಲ ನೋಡಿದ್ದು ಅಲ್ಲೇ, ಆ ಕಿಟಕಿಯಲ್ಲಿ. ಬಸ್ಸು ಹಿಂದಕ್ಕೆ ಸರಿಯುವಾಗ ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಲ್ಲಿ ನಿಲ್ಲಬೇಡ, ಮನೆಗೆ ನಡಿ ಎಂದು ಕೈಮಾಡಿದರು. ಬಸ್ಸು ತಿರುಗುವವರೆಗೂ ನಾನು ನಿಂತೇ ಇದ್ದೆ. ಅವರು ಇನ್ನೂ ಕೈಮಾಡುತ್ತಲೇ ಇದ್ದರು.