ಕೊಟ್ರಬಸಮ್ಮನ ಸ್ಟೀಲ್ ಬ್ರೇಕ್ ಪೈಪು

ಕುರುಗೋಡಿನಿಂದ ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಿಗೆ ಹೋಗುವ ಹೆಂಗಸರು ಕೊಟ್ರಬಸಮ್ಮನ ಟೆಂಪೊ ಬಿಟ್ಟು ಬೇರೆಯದನ್ನು ಹತ್ತುತ್ತಿರಲಿಲ್ಲ. ಆ ಭಾನುವಾರ ಅವಳು ಬ್ರೇಕ್ ತುಳಿದರೆ ಪೆಡಲ್ ಮೆತ್ತಗೆ ಕೆಳಗಿಳಿಯಿತು. ಹಿಂದಿನ ಗಾಲಿಯ ಪೈಪು ತುಕ್ಕು ಹಿಡಿದು ಬ್ರೇಕ್ ಆಯಿಲ್ ಸೋರುತ್ತಿತ್ತು. ಬೆಳಗಾದರೆ ಅದೇ ಗಾಡಿಯಲ್ಲಿ ಅಷ್ಟು ಮಂದಿಯನ್ನು ಕರೆದೊಯ್ಯಬೇಕು.

ಗಾಡಿ ರಿಪೇರಿ ಬಲ್ಲ ಗಂಡ ಎರ್ರಿಸ್ವಾಮಿ, ತೂತಾದಲ್ಲಿ ಬೆಸೆದರೆ ಸಾಕೆಂದ. ಹೋದ ಮಳೆಗಾಲದಲ್ಲೂ ಅವನು ಬೆಸೆದದ್ದೇ. ಅವಳು ಒಪ್ಪದೆ, ಬಳ್ಳಾರಿಯಿಂದ ತಂದಿಟ್ಟಿದ್ದ ಸ್ಟೀಲ್ ಪೈಪನ್ನು ಅಟ್ಟದಿಂದ ಇಳಿಸಿದಳು.

"ಸ್ಟೀಲ್ ಭಾಳ ಗಟ್ಟಿ ಐತಿ. ನಿನ್ನ ಕೈಗೆ ಬಗ್ಗಂಗಿಲ್ಲ."

"ನಿಮ್ಮ ಜೀನ್ಸ್ ಒಗೆದು ಹಿಂಡೋ ಕೈ ಇವು. ನೋಡೋಣ ತಗೊಳ್ರಿ."

ವರ್ಷಗಟ್ಟಲೆ ಅವನು ಬ್ರೇಕ್ ಕೆಲಸಕ್ಕೆ ಕೂತಾಗಲೆಲ್ಲ ಒಲೆ ಆರಿಸಿ ಬಂದು ಸ್ಪ್ಯಾನರ್ ಎತ್ತಿಕೊಟ್ಟವಳು, ಸೀಟಿನಲ್ಲಿ ಕೂತು ಪೆಡಲ್ ಒತ್ತಿದವಳು ಅವಳೇ. ಕೇಳಿದವರಿಗೆ ಮಾತ್ರ ಅವನು ಒಬ್ಬನೇ ಮಾಡಿದೆ ಎನ್ನುತ್ತಿದ್ದ.

ಹಳೆಯ ಪೈಪಿನ ಗುಂಟ ತಂತಿ ಬಗ್ಗಿಸಿ ಅಳತೆ ತೆಗೆದಳು. ರವಿಕೆಯ ಅಂಚಿಗೆ ಬಟ್ಟೆ ಬಿಡುವಂತೆ ಒಂದಿಷ್ಟು ಹೆಚ್ಚಾಗಿಯೇ ಕತ್ತರಿಸಿದಳು. ಪೈಪಿನ ಬಾಯಿಯನ್ನು ಅರದಿಂದ ಉಜ್ಜಿ, ಅದನ್ನು ಹಿಡಿಕೆಯಲ್ಲಿ ಬಿಗಿದು, ತಿರುಪು ಒತ್ತಿ ಅಂಚು ಅಗಲವಾಗುವಂತೆ ಅರಳಿಸಿದಳು. ಒಂದು ಸೀಳೂ ಬಿಡಲಿಲ್ಲ. ಇನ್ನೊಂದು ತುದಿಯನ್ನೂ ಅರಳಿಸಿ ನೋಡಿದರೆ, ಪೈಪನ್ನು ಗಾಡಿಗೆ ಬಿಗಿಯುವ ಎರಡು ನಟ್ಟುಗಳಲ್ಲಿ ಒಂದು ತಟ್ಟೆಯಲ್ಲೇ ಕೂತಿತ್ತು! ಮೊದಲೇ ಪೈಪಿಗೆ ಏರಿಸಬೇಕಾದದ್ದು. ಅರಳಿದ ಬಾಯಿಯನ್ನು ಅದು ದಾಟದು.

ಎರ್ರಿಸ್ವಾಮಿ ನಕ್ಕ. ಅವಳು ಆ ತುದಿಯನ್ನು ಕತ್ತರಿಸಿ, ನಟ್ಟು ಏರಿಸಿ ಮತ್ತೆ ಅರಳಿಸಿದಳು. ಹೆಚ್ಚು ಬಿಟ್ಟದ್ದು ಅದಕ್ಕೇ ಆಯಿತು.

ತಂತಿಯ ಅಳತೆಗೆ ಪೈಪನ್ನು ಬಗ್ಗಿಸಿ ಕೂರಿಸಿದಳು. ಇನ್ನು ಹೊಸ ಆಯಿಲ್ ತುಂಬಿ ಒಳಗಿನ ಗಾಳಿ ತೆಗೆಯಬೇಕು. ಅದು ಒಬ್ಬರ ಕೆಲಸವಲ್ಲ. ರೊಟ್ಟಿ ಯಾವಾಗ ಎಂದು ಎರ್ರಿಸ್ವಾಮಿ ಕೇಳುವಷ್ಟರಲ್ಲಿ ಅವಳು ಗಾಡಿಯ ಕೆಳಗೆ ಜಾರಿದ್ದಳು.

"ಸೀಟಿನ ಮ್ಯಾಲೆ ಕುಂದರ್ರಿ. ಒತ್ರಿ. ನಾ ಹೇಳೋತನಕ ಕಾಲು ತೆಗೀಬ್ಯಾಡ್ರಿ."

ಅವನು ಒತ್ತಿ ಹಿಡಿದ. ಅವಳು ಗಾಲಿಯ ಬಳಿಯ ತಿರುಪು ಸಡಿಲಿಸಿ ಬಿಗಿದಳು. ಹೊರಬರುವ ಆಯಿಲಿನಲ್ಲಿ ಗಾಳಿಯ ಗುಳ್ಳೆ ನಿಲ್ಲುವವರೆಗೂ ಹಾಗೇ ನಡೆಯಿತು. ಕಾಲು ಸೋತಿತೆಂದು ಮೇಲಿನಿಂದ ದನಿ ಬಂತು. ನನ್ನದೂ ಸೋಲುತ್ತಿತ್ತು ಎಂದಳು ಕೆಳಗಿನಿಂದ.

ಸಂಜೆ ಖಾಲಿ ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟು ಜೋರಾಗಿ ತುಳಿದಳು. ಗಾಡಿ ತುಳಿದಲ್ಲೇ ನಿಂತಿತು. ಇಳಿದು ಎರಡೂ ನಟ್ಟುಗಳನ್ನು ಬಿಳಿ ಬಟ್ಟೆಯಿಂದ ಒರೆಸಿದಳು. ಬಟ್ಟೆಗೆ ಒಂದು ಹನಿ ಆಯಿಲ್ ಹತ್ತಲಿಲ್ಲ.

ಮರುದಿನ ಕಾರ್ಖಾನೆಗೆ ಹೊರಟು ಮುಂದಿನ ಸೀಟು ಹಿಡಿದ ರಶ್ಮಿ ಬ್ರೇಕ್ ಯಾರ ಕಡೆಯಿಂದ ಮಾಡಿಸಿದಿರಿ ಎಂದಳು. ಎರ್ರಿಸ್ವಾಮಿ ಮನೆಯ ಬಾಗಿಲಲ್ಲೇ ನಿಂತಿದ್ದ.

"ನಾನ ಮಾಡೀನಿ," ಎಂದಳು ಕೊಟ್ರಬಸಮ್ಮ, ಗೇರ್ ಹಾಕುತ್ತ. "ಅವರು ಪೆಡಲ್ ಒತ್ಯಾರ."