ಐದು ತಿಂಗಳ ಬ್ಯಾಂಡಿನ ಡ್ರಮ್ಮರ್

ಕಾರವಾರದಲ್ಲಿ ನಮ್ಮ ರಾಕ್ ಬ್ಯಾಂಡು ಬದುಕಿದ್ದು ಐದೇ ತಿಂಗಳು. ಇಂಗ್ಲಿಷನ್ನು ಕೊಂಕಣಿಯಂತೆ ಕಿರುಚುವವನನ್ನು ಗಾಯಕ ಅನ್ನಬಹುದಾದರೆ, ನಾನು ಅದರ ಗಾಯಕ. ಡ್ರಮ್ಮರ್ ಕೋಡಿಬಾಗದವನು, ಹಗಲು ಮೀನಿನ ಪೆಟ್ಟಿಗೆಗಳಿಗೆ ಐಸ್ ಒಡೆಯುತ್ತಿದ್ದ. ಪ್ರತಿ ಹಾಡಿಗೂ ಮುಂಚೆ ಡ್ರಮ್ಮುಗಳನ್ನು ಮಿಂದ ಮಗುವಿನ ತಲೆಯಂತೆ ಟವೆಲಿನಲ್ಲಿ ಒರೆಸಿ, "ಗಡಬಿಡಿ ಬ್ಯಾಡ ತಮಾ" ಅನ್ನುತ್ತಿದ್ದ. ನಾನು ಅವನ ದನಿಯನ್ನು ಅಣಕಿಸಿದರೆ, "ಹಾಡೂಕಿಂತ ಇದೇ ಚಲೋ ಬತ್ತದೆ ನಿಂಗೆ" ಎಂದು ನಗುತ್ತಿದ್ದ.

ಎಲ್ಲಿ ಹಾಡಿದರೂ ಜನ ಅರ್ಧಕ್ಕೇ ಎದ್ದುಹೋಗುತ್ತಿದ್ದರು. ಅಂಕೋಲೆಯಲ್ಲೂ ಹಾಗಾದರೆ ಬ್ಯಾಂಡು ಮುಚ್ಚುವುದೆಂದು ತೀರ್ಮಾನಿಸಿದೆವು. ಅಲ್ಲಿ ರಸ್ತೆ ಪಕ್ಕದ ಬಯಲು ವೇದಿಕೆಯಲ್ಲಿ ಹಾಡಿದಾಗ ಎರಡನೇ ಹಾಡಿಗೇ ಜನ ಎದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಗಿಟಾರು, ಮೈಕು ಎಲ್ಲ ಸತ್ತವು. ಡ್ರಮ್ಮರ್ ಮಾತ್ರ ಕಣ್ಣು ಮುಚ್ಚಿ, ಐಸ್ ಒಡೆದ ಹಾಗೆ ಬಾರಿಸುತ್ತಲೇ ಇದ್ದ. ಎದ್ದವರು ನಿಂತಲ್ಲೇ ಕುಣಿಯತೊಡಗಿದರು. ಮೀನು ಮಾರಿ ಮನೆಗೆ ಹೊರಟಿದ್ದ ಅಕ್ಕಂದಿರು ಬುಟ್ಟಿ ಇಳಿಸಿ ಕುಣಿದರು.

ಕರೆಂಟು ಬಂತು. ನಾನು ಖುಷಿಯಿಂದ ಬಾಯಿ ತೆರೆದೆ.

"ಏ, ಕರೆಂಟ್ ತೆಗೀರೋ!" ಎಂದು ಜನ ಕೂಗಿದರು.

ಅವನು ನಾಚಿ ಕೋಲು ಕೆಳಗಿಟ್ಟ. "ನಾ ಒಬ್ನೇ ಬಾರ್ಸೂದಿಲ್ಲ, ತಮಾ."

ನಾನೇ ಹೋಗಿ ವೈರು ಕಿತ್ತೆ. "ಬಾರ್ಸು ಮಾರಾಯಾ!" ಎಂದು ಕೆಳಗೆ ಜಿಗಿದೆ. ಗಿಟಾರಿನವರೂ ಹಿಂದೆಯೇ ಜಿಗಿದರು. ನಮ್ಮ ಬ್ಯಾಂಡಿನ ಕೊನೆಯ ಪ್ರದರ್ಶನಕ್ಕೆ ನಾವೂ ಕುಣಿದೆವು.